ನಾಲ್ಕು ಕಿಲೋಮೀಟರ್ ಎತ್ತರದಲ್ಲಿ ಪೆಟ್ರೋಲಿನ ಹದ

ಸ್ಟಾಲಿನ್‌ಗ್ರಾಡ್ ಮೇಲೆ ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಹಾರುತ್ತಿರುವ ಯಾಕ್-1 ಯುದ್ಧವಿಮಾನ ಹಿಂದೆ ಕಪ್ಪು ಹೊಗೆಯ ಗೆರೆ ಎಳೆಯುತ್ತಿದ್ದರೆ, 'ಇಲ್-2 ಸ್ಟುರ್ಮೊವಿಕ್' ಸಿಮ್ಯುಲೇಟರ್‌ಗೆ ಹೊಸದಾಗಿ ಬಂದವರು ಗುಂಡು ತಗುಲಿತೆಂದೇ ಗಾಬರಿಯಾಗುತ್ತಾರೆ. ಗುಂಡೇನೂ ತಗುಲಿರುವುದಿಲ್ಲ. ಆಯಿಲ್ ಒತ್ತಡ ಸರಿಯಿದೆ, ನೀರಿನ ಬಿಸಿ ಸರಿಯಿದೆ, ರೆಕ್ಕೆಯಲ್ಲಿ ತೂತಿಲ್ಲ. ಆದರೂ ವೇಗ ಏರುತ್ತಿಲ್ಲ, ಮೇಲಕ್ಕೆ ಹತ್ತಲು ವಿಮಾನ ತಿಣುಕುತ್ತಿದೆ. ಎಂಜಿನ್ನಿಗೆ ಸುಡಲಾಗದಷ್ಟು ಪೆಟ್ರೋಲು ಹೋಗುತ್ತಿದೆ, ಅಷ್ಟೆ. ಥ್ರಾಟಲ್ ಪಕ್ಕದಲ್ಲಿ ಗಾಳಿ-ಪೆಟ್ರೋಲಿನ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಲಿವರನ್ನು ಸ್ವಲ್ಪ ಹಿಂದಕ್ಕೆಳೆದರೆ ಹೊಗೆ ನಿಲ್ಲುತ್ತದೆ, ವೇಗದ ಮುಳ್ಳು ನಿಧಾನವಾಗಿ ಮೇಲೇರುತ್ತದೆ. ಯುದ್ಧವಿಮಾನದ ಸಿಮ್ಯುಲೇಟರ್‌ಗಳಲ್ಲಿ ಕಲಿಯಬೇಕಾದ ವಿದ್ಯೆಗಳು ಹಲವಿವೆ. ಗುರಿಯಿಟ್ಟು ಹೊಡೆಯುವುದು, ತಿರುವಿನಲ್ಲಿ ವೇಗ ಉಳಿಸಿಕೊಳ್ಳುವುದು, ಮೋಡದ ಮರೆ ಸೇರುವುದು. ಅವುಗಳ ನಡುವೆ ಈ ಪುಟ್ಟ ಲಿವರಿನ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪೆಟ್ರೋಲು ಪೂರ್ತಿ ಉರಿಯಬೇಕಾದರೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಆದರೆ ಎಂಜಿನ್ನಿನಿಂದ ಗರಿಷ್ಠ ಶಕ್ತಿ ಸಿಗುವುದು ಇದಕ್ಕಿಂತ ತುಸು ದಟ್ಟವಾದ ಮಿಶ್ರಣದಲ್ಲಿ, ಅಂದರೆ ಹನ್ನೆರಡೂವರೆ ಪಾಲು ಗಾಳಿಯ ಆಸುಪಾಸಿನಲ್ಲಿ. ಇಂಧನ ಉಳಿತಾಯಕ್ಕೆ ಹದಿನಾರರ ಸುಮಾರು ಹೇಳಿ ಮಾಡಿಸಿದ್ದು. ಪೆಟ್ರೋಲಿನ ಪಾಲು ಹೆಚ್ಚಾದರೆ ಮಿಶ್ರಣ ರಿಚ್, ಕಡಿಮೆಯಾದರೆ ಲೀನ್. ಹನ್ನೆರಡೂವರೆ ಮತ್ತು ಹದಿನಾರರ ನಡುವಿನ ಕಿರಿದಾದ ಜಾಗದಲ್ಲೇ ಪೈಲಟ್‌ನ ಕೆಲಸವೆಲ್ಲ ನಡೆಯುತ್ತದೆ.

ತೊಂದರೆ ಹುಟ್ಟುವುದು ಎತ್ತರದಿಂದ. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.225 ಕಿಲೋ ತೂಗುತ್ತದೆ. ನಾಲ್ಕು ಸಾವಿರ ಮೀಟರಿನಲ್ಲಿ ಅದು 0.82 ಕಿಲೋಗೆ ಇಳಿದಿರುತ್ತದೆ. ಆರು ಸಾವಿರಕ್ಕೆ ಹೋದರೆ ಉಳಿಯುವುದು ಅರ್ಧಕ್ಕಿಂತ ಚೂರು ಹೆಚ್ಚು, ಅಷ್ಟೆ. ಸಾದಾ ಕಾರ್ಬ್ಯುರೇಟರ್‌ಗೆ ಈ ಬದಲಾವಣೆ ಪೂರ್ತಿ ತಿಳಿಯುವುದಿಲ್ಲ. ತನ್ನ ಗಂಟಲಿನಲ್ಲಿ ಹಾಯುವ ಗಾಳಿಯ ಎಳೆತಕ್ಕೆ ತಕ್ಕಂತೆ ಅದು ಪೆಟ್ರೋಲನ್ನು ಬಿಡುತ್ತದೆ. ಗಾಳಿ ತೆಳುವಾದಾಗ ಎಳೆತವೂ ಕುಗ್ಗುತ್ತದೆ ನಿಜ, ಆದರೆ ಗಾಳಿಯ ತೂಕ ಇಳಿದಷ್ಟು ಪ್ರಮಾಣದಲ್ಲಿ ಪೆಟ್ರೋಲು ಇಳಿಯುವುದಿಲ್ಲ. ಹೀಗಾಗಿ, ತಿದ್ದದೆ ಬಿಟ್ಟ ಸಾದಾ ಕಾರ್ಬ್ಯುರೇಟರ್ ನಾಲ್ಕು ಸಾವಿರ ಮೀಟರಿನಲ್ಲಿ ಮಿಶ್ರಣವನ್ನು ಐದನೇ ಒಂದು ಭಾಗಕ್ಕಿಂತಲೂ ಹೆಚ್ಚು ದಟ್ಟ ಮಾಡಿಬಿಡುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಬುಲೆಟ್ ಬೈಕಿನಲ್ಲಿ ಲಡಾಖ್ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣಿವೆಯಲ್ಲಿ ಗುಡುಗುತ್ತಿದ್ದ ಗಾಡಿ ಐದು ಸಾವಿರ ಮೀಟರಿನ ಘಾಟಿಯಲ್ಲಿ ಕೆಮ್ಮುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಮಸಿ ಮೆತ್ತಿಕೊಂಡಿರುತ್ತದೆ. ಯಾಕ್ ಬಿಡುವ ಕಪ್ಪು ಹೊಗೆಯೂ ಅದೇ ಮಸಿ.

ಯುದ್ಧವಿಮಾನಗಳಲ್ಲಿ ಸೂಪರ್‌ಚಾರ್ಜರ್ ಇತ್ತಲ್ಲ ಎಂದು ಬಲ್ಲವರು ಕೇಳಬಹುದು. ಇತ್ತು. ಗಾಳಿಯನ್ನು ಒತ್ತಿ ತುಂಬುವ ಆ ಯಂತ್ರ ಒಂದು ಎತ್ತರದವರೆಗೆ ಎಂಜಿನ್ನಿಗೆ ನೆಲದ ಮೇಲಿನಂಥದೇ ಉಸಿರು ಕೊಡುತ್ತದೆ, ಅದರಾಚೆಗೆ ಕೈಚೆಲ್ಲುತ್ತದೆ. ಯಾಕ್-1ರ ಎಂ-105ಪಿಎಫ್ ಎಂಜಿನ್ನಿಗೆ ಸೂಪರ್‌ಚಾರ್ಜರಿನ ಎರಡು ಗೇರುಗಳಿದ್ದವು. ಮೊದಲ ಗೇರಿನಲ್ಲಿ 700 ಮೀಟರ್ ಎತ್ತರಕ್ಕೆ 1,260 ಅಶ್ವಶಕ್ತಿ, ಎರಡನೆಯದರಲ್ಲಿ 2,700 ಮೀಟರ್‌ಗೆ 1,180. ಅಲ್ಲಿಂದ ಮೇಲೆ ಒತ್ತಡ ಇಳಿಯುತ್ತಲೇ ಹೋಗುತ್ತದೆ. ಮೂರು-ನಾಲ್ಕು ಕಿಲೋಮೀಟರ್ ದಾಟಿದ ಮೇಲೆ ಮಿಶ್ರಣವನ್ನು ಕೈಯಾರೆ ಲೀನ್ ಮಾಡಬೇಕೆಂದು ಸಿಮ್ಯುಲೇಟರ್‌ನಲ್ಲಿ ಈ ವಿಮಾನದ ಟಿಪ್ಪಣಿ ಹೇಳುವುದು ಇದಕ್ಕೆ ಹೊಂದಿಕೊಂಡೇ ಇದೆ. 2014ರಲ್ಲಿ ಹೊರಬಂದ 'ಇಲ್-2: ಬ್ಯಾಟಲ್ ಆಫ್ ಸ್ಟಾಲಿನ್‌ಗ್ರಾಡ್' ಸರಣಿಯಲ್ಲಿ ನನಗೆ ಅಚ್ಚುಮೆಚ್ಚಾದದ್ದು ಈ ಶ್ರದ್ಧೆ. ಎಂಜಿನ್ನಿನ ಸ್ವಭಾವ ಎಂಥದೋ ಪೈಲಟ್‌ನ ಕೆಲಸವೂ ಅಂಥದೇ. 2001ರ ಮೊದಲ 'ಇಲ್-2'ನಲ್ಲೂ ಈ ಲಿವರ್ ಇತ್ತು, ಆದರೆ ಶೇಕಡ ಇಪ್ಪತ್ತರ ಮೆಟ್ಟಿಲುಗಳಲ್ಲಿ. 120, 100, 80, ಹೀಗೆ. ಕೀಲಿ ಒತ್ತಿ ಒಂದು ಮೆಟ್ಟಿಲು ಇಳಿದರೆ ಹೊಗೆ ನಿಲ್ಲುತ್ತಿತ್ತು, ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಈಗಿನದರಲ್ಲಿ ಮೆಟ್ಟಿಲಿಲ್ಲ, ಜಾರುವ ಲಿವರ್ ಇದೆ. ಹಾಗಾಗಿ ಕೈಚಳಕಕ್ಕೆ ಜಾಗ ಸಿಕ್ಕಿದೆ.

ಆ ಕೈಚಳಕವನ್ನು ಹತ್ತಿರದಿಂದ ನೋಡೋಣ. ಯಾಕ್ ನೆಲ ಬಿಟ್ಟಿದೆ, ಮಿಕ್ಸ್ಚರ್ ಪೂರ್ತಿ ಮುಂದಿದೆ. ಟೇಕಾಫಿನಲ್ಲಿ ರಿಚ್ ಇರಲೇಬೇಕು. ಶಕ್ತಿಯೊಂದೇ ಇದಕ್ಕೆ ಕಾರಣವಲ್ಲ. ಉರಿಯದೆ ಉಳಿಯುವ ಹೆಚ್ಚುವರಿ ಪೆಟ್ರೋಲು ಆವಿಯಾಗುವಾಗ ಸಿಲಿಂಡರಿನೊಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಪೂರ್ಣ ಶಕ್ತಿಯಲ್ಲಿ ದುಡಿಯುವ ಎಂಜಿನ್ನಿಗೆ ಆ ತಂಪೇ ರಕ್ಷೆ. ಪೂರ್ಣ ಥ್ರಾಟಲ್‌ನಲ್ಲಿ ಮಿಶ್ರಣ ತೆಳುವಾದರೆ ಬಿಸಿ ಏರಿ, ಕಿಡಿಯಿಂದ ಶುರುವಾದ ಉರಿ ಕ್ರಮವಾಗಿ ಹರಡುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಪಿಸ್ಟನ್‌ಗಳನ್ನು ಹಾಳುಮಾಡುವುದು ಈ ಸಿಡಿತವೇ. ಆದ್ದರಿಂದ ಏರುವ ಮೊದಲ ಎರಡು-ಎರಡೂವರೆ ಕಿಲೋಮೀಟರ್ ಲಿವರನ್ನು ಮುಟ್ಟದೆ ಇರುವುದೇ ಲೇಸು. ನಡುವೆ ಸೂಪರ್‌ಚಾರ್ಜರಿನ ಗೇರ್ ಬದಲಿಸಬೇಕು, ರೇಡಿಯೇಟರ್ ಬಾಗಿಲುಗಳನ್ನು ನೋಡಿಕೊಳ್ಳಬೇಕು.

ಮೂರು ಸಾವಿರ ಮೀಟರ್ ದಾಟಿದ ಮೇಲೆ ನಿಜವಾದ ಕೆಲಸ. ವಿಮಾನವನ್ನು ಮಟ್ಟವಾಗಿ ಹಾರಿಸಿ, ಥ್ರಾಟಲ್ ಮತ್ತು ಆರ್‌ಪಿಎಂ ಎರಡನ್ನೂ ಒಂದೇ ಸ್ಥಿತಿಯಲ್ಲಿ ನಿಲ್ಲಿಸಿ, ಲಿವರನ್ನು ಒಂದು ಕೂದಲೆಳೆ ಹಿಂದಕ್ಕೆ ತರಬೇಕು. ತಂದು ಕಾಯಬೇಕು. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಅವರು ಆರ್‌ಪಿಎಂ ಮುಳ್ಳನ್ನೇ ದಿಟ್ಟಿಸುತ್ತಾರೆ, ಅದು ಅಲ್ಲಾಡುವುದಿಲ್ಲ. ಅಲ್ಲಾಡಲು ಸಾಧ್ಯವೂ ಇಲ್ಲ. ಯಾಕ್‌ನ ಪ್ರೊಪೆಲ್ಲರ್‌ಗೆ ಗವರ್ನರ್ ಇದೆ. ಎಂಜಿನ್ ಬಲ ಹೆಚ್ಚಿಸಿದರೆ ಅದು ಅಲಗುಗಳ ಕೋನ ಹಿಗ್ಗಿಸುತ್ತದೆ, ಬಲ ಕುಗ್ಗಿದರೆ ಕೋನ ಕುಗ್ಗಿಸುತ್ತದೆ, ಸುತ್ತಿನ ವೇಗವನ್ನು ಮಾತ್ರ ಇದ್ದಲ್ಲೇ ಹಿಡಿದಿಡುತ್ತದೆ. ಮಿಶ್ರಣ ಸರಿಯಾಯಿತೋ ಕೆಟ್ಟಿತೋ ಎಂಬ ಸುದ್ದಿಯನ್ನು ಗವರ್ನರ್ ಮರೆಮಾಚಿಬಿಡುತ್ತದೆ. ಆ ಸುದ್ದಿ ಬರುವುದು ಬೇರೆ ದಾರಿಯಿಂದ. ಎಕ್ಸಾಸ್ಟ್ ಕೊಳವೆಗಳ ಬಾಯಲ್ಲಿ ಹೊಗೆ ಕಪ್ಪಿನಿಂದ ತಿಳಿಯಾಗುತ್ತದೆ. ಎಂಜಿನ್ನಿನ ಮೊರೆತ ಒರಟು ಬಿಟ್ಟು ನಯವಾಗುತ್ತದೆ. ಕೊನೆಗೆ, ತುಸು ತಡವಾಗಿ, ವೇಗದ ಮುಳ್ಳು ಮೇಲೆ ಸರಿಯುತ್ತದೆ. ಮೂರು ಟನ್ನಿನಷ್ಟು ಭಾರದ ವಿಮಾನ ಹೊಸ ಶಕ್ತಿಯನ್ನು ವೇಗವಾಗಿ ಬದಲಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಲಿವರ್ ಎಳೆದ ತಕ್ಷಣ ಫಲ ಕಾಣಲಿಲ್ಲವೆಂದು ಇನ್ನಷ್ಟು ಎಳೆಯುವವರು ಹದವನ್ನು ದಾಟಿ ಆಚೆ ಹೋಗುತ್ತಾರೆ. ಎಂಜಿನ್ ಆಗ ತೊದಲಲು ಶುರುಮಾಡುತ್ತದೆ, ಬಲ ಇಳಿಯುತ್ತದೆ. ಅನುಭವಿಗಳು ಬೇಕೆಂದೇ ಒಮ್ಮೆ ಆ ತೊದಲುವ ಜಾಗವನ್ನು ಮುಟ್ಟಿ, ಅಲ್ಲಿಂದ ಸ್ವಲ್ಪ ಮುಂದಕ್ಕೆ ತಂದು ನಿಲ್ಲಿಸುತ್ತಾರೆ. ಅಂಚು ಎಲ್ಲಿದೆ ಎಂದು ಗೊತ್ತಿರುವವರಿಗೆ ನಡು ಎಲ್ಲಿದೆ ಎಂದು ಹುಡುಕುವುದು ಸುಲಭ.

ಇಂಥ ಎತ್ತರಕ್ಕೆ ಇಷ್ಟು ಶೇಕಡ ಎಂಬ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಹಾರುವವರಿದ್ದಾರೆ. ಆರಂಭಕ್ಕೆ ಪಟ್ಟಿ ಒಳ್ಳೆಯದೇ. ಆದರೆ ಗಾಳಿಯ ಸಾಂದ್ರತೆ ನಿಂತಿರುವುದು ಎತ್ತರವೊಂದರ ಮೇಲಲ್ಲ, ಚಳಿ-ಬಿಸಿಯ ಮೇಲೂ ನಿಂತಿದೆ. ವೋಲ್ಗಾ ದಂಡೆಯ ಚಳಿಗಾಲದ ಹೆಪ್ಪುಗಟ್ಟಿಸುವ ಗಾಳಿ, ಅದೇ ಎತ್ತರದ ಬೇಸಿಗೆಯ ಗಾಳಿಗಿಂತ ದಟ್ಟ. ಬೇಸಿಗೆಯಲ್ಲಿ ಸರಿಹೋದ ಜಾಗ ಚಳಿಗಾಲದಲ್ಲಿ ತುಸು ಲೀನ್ ಆಗುತ್ತದೆ. ಪಟ್ಟಿಗಿಂತ ಎಕ್ಸಾಸ್ಟನ್ನು ನಂಬುವುದು ಮೇಲು.

ಇಳಿಯುವಾಗ ಇದೇ ಕೆಲಸ ತಿರುಗುಮುರುಗು. ಇಲ್ಲಿ ತಪ್ಪಿದರೆ ಬೆಲೆ ಹೆಚ್ಚು. ಐದು ಸಾವಿರ ಮೀಟರಿನಲ್ಲಿ ಲೀನ್ ಮಾಡಿಟ್ಟ ಪೈಲಟ್ ಕೆಳಗೆ ಜರ್ಮನರ ಒಂದು ಮೆಸ್ಸರ್‌ಶ್ಮಿಟ್ ಕಂಡು ಮೂತಿ ಇಳಿಸಿ ಧುಮುಕುತ್ತಾನೆ. ಕ್ಷಣಕ್ಷಣಕ್ಕೂ ಗಾಳಿ ದಟ್ಟವಾಗುತ್ತ ಬರುತ್ತದೆ, ಮಿಶ್ರಣ ತನ್ನಷ್ಟಕ್ಕೆ ತೆಳುವಾಗುತ್ತ ಹೋಗುತ್ತದೆ. ಸಾವಿರ ಮೀಟರಿಗೆ ಬಂದು, ಬೆನ್ನಟ್ಟಲು ಪೂರ್ಣ ಬಲ ಕೇಳಿದಾಗ ಎಂಜಿನ್ ಕೈಕೊಡುತ್ತದೆ. ನಿಜವಾದ ವಿಮಾನಗಳಲ್ಲೂ ಇದಕ್ಕೊಂದು ಕ್ರಮ ಕಲಿಸುತ್ತಾರೆ. ಬಲ ಹೆಚ್ಚಿಸುವಾಗ ಮೊದಲು ಮಿಕ್ಸ್ಚರ್, ಆಮೇಲೆ ಆರ್‌ಪಿಎಂ, ಕೊನೆಗೆ ಥ್ರಾಟಲ್. ಬಲ ಇಳಿಸುವಾಗ ಇದರ ಉಲ್ಟಾ. ಸಿಮ್ಯುಲೇಟರ್‌ನಲ್ಲಿ ಚೆನ್ನಾಗಿ ಹಾರಿಸುವವರನ್ನು ಗಮನಿಸಿ. ಅವರ ಎಡಗೈ ಈ ಕ್ರಮವನ್ನು ಯೋಚಿಸದೆ ಮಾಡುತ್ತಿರುತ್ತದೆ, ಕಣ್ಣು ಶತ್ರುವಿನ ಮೇಲೇ ಇರುತ್ತದೆ. ಧುಮುಕಬೇಕೆಂಬ ನಿರ್ಧಾರ, ಲಿವರ್ ಮುಂದಕ್ಕೆ ದೂಡುವ ಕೈ, ಎರಡೂ ಒಂದೇ ಚಲನೆ.

ಎದುರಾಳಿಗೆ ಈ ಚಿಂತೆ ಇರಲಿಲ್ಲ. ಮೆಸ್ಸರ್‌ಶ್ಮಿಟ್ 109ರ ಡೈಮ್ಲರ್-ಬೆಂಜ್ ಎಂಜಿನ್ನಿಗೆ ಕಾರ್ಬ್ಯುರೇಟರೇ ಇರಲಿಲ್ಲ, ಪಂಪ್ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಅಳೆದು ಚಿಮ್ಮಿಸುತ್ತಿತ್ತು. ಫೋಕೆ-ವುಲ್ಫ್ 190 ಇನ್ನೂ ಮುಂದೆ ಹೋಗಿತ್ತು. ಅದರ ಬಿಎಂಡಬ್ಲ್ಯು 801 ಎಂಜಿನ್ನಿಗೆ 'ಕೊಮಾಂಡೊಗೆರೇಟ್' ಎಂಬ ಸಾಧನ ಜೋಡಿಸಿದ್ದರು. ಎಣ್ಣೆಯ ಒತ್ತಡ ಮತ್ತು ಸನ್ನೆಗಳಿಂದ ಲೆಕ್ಕ ಹಾಕುವ ಆ ಯಂತ್ರ, ಪೈಲಟ್ ಒಂದೇ ಲಿವರ್ ಸರಿಸಿದರೆ ಮಿಶ್ರಣ, ಪ್ರೊಪೆಲ್ಲರ್ ಕೋನ, ಕಿಡಿಯ ಸಮಯ, ಸೂಪರ್‌ಚಾರ್ಜರ್ ಗೇರ್ ಎಲ್ಲವನ್ನೂ ತಾನೇ ಹೊಂದಿಸುತ್ತಿತ್ತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದ್ಭುತ. ಹಾಗಿದ್ದೂ ಸಿಮ್ಯುಲೇಟರ್‌ನಲ್ಲಿ ಕಲಿಯುವವರಿಗೆ ನಾನು ಮೊದಲು ಯಾಕ್ ಕೊಡುತ್ತೇನೆ. ಎಲ್ಲವನ್ನೂ ತಾನೇ ಮಾಡಿಕೊಳ್ಳುವ ವಿಮಾನದಲ್ಲಿ ಎಂಜಿನ್ನಿನ ಪರಿಚಯವಾಗುವುದಿಲ್ಲ.

ಕಾರ್ಬ್ಯುರೇಟರ್ ಇದ್ದುದರಿಂದ ಬ್ರಿಟಿಷರು ಪಟ್ಟ ಪಾಡು ಬೇರೆಯದೇ ಕಥೆ. 1940ರ ಬೇಸಿಗೆಯಲ್ಲಿ ಇಂಗ್ಲಿಷ್ ಕಾಲುವೆಯ ಮೇಲೆ ಕಾದಾಡಿದ ಸ್ಪಿಟ್‌ಫೈರ್ ಮತ್ತು ಹರಿಕೇನ್‌ಗಳ ಮರ್ಲಿನ್ ಎಂಜಿನ್ನಿನಲ್ಲಿದ್ದದ್ದು ತೇಲುಗುಂಡಿನ ಕಾರ್ಬ್ಯುರೇಟರ್. ಪೈಲಟ್ ಮೂತಿಯನ್ನು ಥಟ್ಟನೆ ಕೆಳಗೆ ದೂಡಿದರೆ ಅವನ ಮೈ ಸೀಟು ಬಿಟ್ಟು ಮೇಲೇಳುವಂತೆ ಕಾರ್ಬ್ಯುರೇಟರಿನೊಳಗಿನ ಪೆಟ್ರೋಲೂ ತಳ ಬಿಟ್ಟು ಮೇಲಕ್ಕೆ ಹೋಗುತ್ತಿತ್ತು. ಮೊದಲ ಗಳಿಗೆ ಎಂಜಿನ್ನಿಗೆ ಪೆಟ್ರೋಲೇ ಇಲ್ಲದೆ ಒಂದು ಕೆಮ್ಮು. ಅದರ ಬೆನ್ನಿಗೇ, ಸ್ಥಾನ ತಪ್ಪಿದ ತೇಲುಗುಂಡಿನಿಂದಾಗಿ ಕವಾಟ ಪೂರ್ತಿ ತೆರೆದು ಪೆಟ್ರೋಲು ನುಗ್ಗಿ, ಮಿತಿಮೀರಿದ ರಿಚ್ ಮಿಶ್ರಣದಿಂದ ಎಂಜಿನ್ನೇ ಉಸಿರುಕಟ್ಟುತ್ತಿತ್ತು. ಎರಡನೆಯದೇ ಹೆಚ್ಚು ಅಪಾಯದ್ದು. ಮೆಸ್ಸರ್‌ಶ್ಮಿಟ್‌ಗಳು ಸಲೀಸಾಗಿ ಮೂತಿ ಇಳಿಸಿ ಪಾರಾಗುತ್ತಿದ್ದವು. ಬ್ರಿಟಿಷ್ ಪೈಲಟ್‌ಗಳು ವಿಮಾನವನ್ನು ಮಗುಚಿ, ಬೆನ್ನ ಮೇಲಾಗಿಸಿ, ನಿಯಂತ್ರಣದ ಕೋಲನ್ನು ತಮ್ಮತ್ತ ಎಳೆದು ಧುಮುಕಬೇಕಿತ್ತು. ಹಾಗೆ ಮಾಡಿದರೆ ಪೆಟ್ರೋಲು ತಳದಲ್ಲೇ ಉಳಿಯುತ್ತಿತ್ತು, ಆದರೆ ಅಮೂಲ್ಯವಾದ ಸೆಕೆಂಡುಗಳು ಕಳೆದುಹೋಗುತ್ತಿದ್ದವು.

ಇದಕ್ಕೆ ತಕ್ಷಣದ ಮದ್ದು ಕಂಡುಹಿಡಿದದ್ದು ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್. ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ನಾರ್ಟನ್ ಮೋಟರ್‌ಸೈಕಲನ್ನು ಗಂಟೆಗೆ ನೂರು ಮೈಲಿಗೂ ಮೀರಿದ ವೇಗದಲ್ಲಿ ಓಡಿಸಿ ಚಿನ್ನದ ನಕ್ಷತ್ರ ಪಡೆದಾಕೆ. ಪೆಟ್ರೋಲು ಬರುವ ದಾರಿಗೆ ನಡುವೆ ಲೆಕ್ಕದ ತೂತಿರುವ ಒಂದು ಸಣ್ಣ ಲೋಹದ ಬಿಲ್ಲೆ ಕೂರಿಸಿದರು. ಎಂಜಿನ್ನಿಗೆ ಪೂರ್ಣ ಬಲದಲ್ಲಿ ಎಷ್ಟು ಬೇಕೋ ಅಷ್ಟು ಮಾತ್ರ ಆ ತೂತಿನಲ್ಲಿ ಹಾಯುತ್ತದೆ, ಉಕ್ಕಿ ಹರಿಯುವಷ್ಟು ಹಾಯುವುದಿಲ್ಲ. 1941ರ ಮೊದಲ ತಿಂಗಳುಗಳಲ್ಲಿ ಒಂದು ಪುಟ್ಟ ತಂಡದೊಂದಿಗೆ ವಾಯುನೆಲೆಗಳನ್ನು ಸುತ್ತಿ ಅದನ್ನು ಜೋಡಿಸಿದರು. ವಿಮಾನವನ್ನು ಸೇವೆಯಿಂದ ಹೊರತೆಗೆಯುವ ಅಗತ್ಯವೂ ಬೀಳಲಿಲ್ಲ. 2011ರ 'ಕ್ಲಿಫ್ಸ್ ಆಫ್ ಡೋವರ್' ಸಿಮ್ಯುಲೇಟರ್‌ನಲ್ಲಿ 1940ರ ಸ್ಪಿಟ್‌ಫೈರ್ ಏರಿ ಕೋಲನ್ನು ಮುಂದಕ್ಕೆ ದೂಡಿ ನೋಡಿ. ಎಂಜಿನ್ ಆರಿ ಮೌನ ಕವಿದ ಆ ಗಳಿಗೆಯಲ್ಲಿ, ಆ ಬಿಲ್ಲೆ ಎಷ್ಟು ದೊಡ್ಡ ಉಪಕಾರ ಮಾಡಿತೆಂದು ಮನವರಿಕೆಯಾಗುತ್ತದೆ. ಅದೇ ಸಿಮ್ಯುಲೇಟರ್‌ನ ಬ್ರಿಟಿಷ್ ವಿಮಾನಗಳಲ್ಲಿ ಮಿಕ್ಸ್ಚರ್ ಲಿವರ್ ಆಗಿನ ಬ್ರಿಟಿಷ್ ಪದ್ಧತಿಯಂತೆ ಹಿಂದಕ್ಕೆ ಎಳೆದರೆ ರಿಚ್, ಮುಂದಕ್ಕೆ ದೂಡಿದರೆ ಲೀನ್. ಬೇರೆ ವಿಮಾನಗಳ ಅಭ್ಯಾಸವಿದ್ದವರು ಹಾರುವ ಮುನ್ನ ಇದನ್ನು ಜ್ಞಾಪಿಸಿಕೊಳ್ಳಬೇಕು.

ಇನ್ನೂ ಹಿಂದಕ್ಕೆ, ಮೊದಲ ಮಹಾಯುದ್ಧಕ್ಕೆ ಹೋದರೆ ಮಿಶ್ರಣವೇ ಪ್ರಾಣ. 'ರೈಸ್ ಆಫ್ ಫ್ಲೈಟ್' ಮತ್ತು 'ಫ್ಲೈಯಿಂಗ್ ಸರ್ಕಸ್' ಸಿಮ್ಯುಲೇಟರ್‌ಗಳಲ್ಲಿ ಸಿಗುವ ಸಾಪ್‌ವಿತ್ ಕ್ಯಾಮೆಲ್‌ನ ಕ್ಲೆರ್ಜೆ ಎಂಜಿನ್ ಪ್ರೊಪೆಲ್ಲರಿನ ಜೊತೆಗೆ ತಾನೂ ಗಿರಗಿರ ಸುತ್ತುವಂಥದ್ದು. ಅದಕ್ಕೆ ಹಾಕುತ್ತಿದ್ದ ಆಯಿಲ್ ನಮ್ಮ ಹರಳೆಣ್ಣೆಯೇ. ಟೇಕಾಫ್ ಹೊತ್ತಿನಲ್ಲಿ ಮಿಶ್ರಣ ತಪ್ಪಿದರೆ ಆ ಎಂಜಿನ್ ಉಸಿರುಗಟ್ಟಿ ನಿಂತುಬಿಡುತ್ತಿತ್ತು. ತುಂಬಿದ ಟ್ಯಾಂಕಿನ ಭಾರದ ವಿಮಾನ ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ಹತೋಟಿ ತಪ್ಪುತ್ತಿತ್ತು. ಕಲಿಯುತ್ತಿದ್ದ ಎಷ್ಟೋ ಹುಡುಗರು ಹೀಗೆ ಸತ್ತರು. ಸಿಮ್ಯುಲೇಟರ್‌ನಲ್ಲಿ ಮಾತ್ರ ಕ್ಯಾಮೆಲ್ ಒಳ್ಳೆಯ ಶಿಕ್ಷಕ. ಅಲಗುಗಳ ಕೋನ ಬದಲಾಗದ ಮರದ ಪ್ರೊಪೆಲ್ಲರ್ ಆದ್ದರಿಂದ ಇಲ್ಲಿ ಗವರ್ನರ್‌ನ ಮುಚ್ಚುಮರೆಯಿಲ್ಲ. ಲಿವರ್ ಸರಿಸಿದಂತೆ ಆರ್‌ಪಿಎಂ ಏರುತ್ತದೆ, ಒಂದು ತುದಿ ಮುಟ್ಟುತ್ತದೆ, ಆಮೇಲೆ ಬೀಳುತ್ತದೆ. ಆ ತುದಿಯೇ ಹದ. ಬೆಂಗಳೂರಿನ ಜಕ್ಕೂರಿನಂಥ ತರಬೇತಿ ಶಾಲೆಗಳಲ್ಲಿ ಸಣ್ಣ ಸೆಸ್ನಾ ವಿಮಾನಗಳ ಕೆಂಪು ಮಿಕ್ಸ್ಚರ್ ಗುಬ್ಬಿ ಹಿಡಿದು ಕಲಿಯುವವರದೂ ಇದೇ ಪಾಠ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೆಲದ ಮೇಲಿನ ಗಾಳಿಯೇ ಮಂಗಳೂರಿಗಿಂತ ತೆಳು.

ಇಂಧನ ಉಳಿತಾಯದ ಮಾತು ಬಂದಾಗ 1944ರ ನ್ಯೂಗಿನಿಯನ್ನು ಬಿಡುವಂತಿಲ್ಲ. ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಆಗ ಸೈನಿಕನಲ್ಲ, ವಿಮಾನ ಕಂಪನಿಯೊಂದರ ತಾಂತ್ರಿಕ ಪ್ರತಿನಿಧಿ. 475ನೇ ಫೈಟರ್ ಗ್ರೂಪಿನ ಎರಡು ಎಂಜಿನ್ನಿನ ಪಿ-38ಗಳ ಜೊತೆ ಆತ ಹಾರಿ ಬಂದಾಗ, ಉಳಿದವರಿಗಿಂತ ಅವನ ಟ್ಯಾಂಕಿನಲ್ಲಿ ಹೆಚ್ಚು ಪೆಟ್ರೋಲು ಉಳಿದಿರುತ್ತಿತ್ತು. ಅವನ ಗುಟ್ಟು ಇಷ್ಟೇ: ಆರ್‌ಪಿಎಂ 1,600ಕ್ಕೆ ಇಳಿಸು, ಎಂಜಿನ್ನಿನೊಳಗಿನ ಒತ್ತಡ ಏರಿಸು, ಮಿಕ್ಸ್ಚರ್ ಆಟೋ ಲೀನ್‌ನಲ್ಲಿಡು. ಎಂಜಿನ್ ಕೆಟ್ಟುಹೋಗುತ್ತದೆಂದು ತರುಣ ಪೈಲಟ್‌ಗಳು ಹೆದರಿದರು. ಕೆಡಲಿಲ್ಲ. ವಿಮಾನಗಳು ನೂರಾರು ಮೈಲಿ ಹೆಚ್ಚು ದೂರ ಹೋಗಿ ಬರತೊಡಗಿದವು. ಪಿ-38ರಂಥ ಅಮೆರಿಕನ್ ವಿಮಾನಗಳ ಕಾರ್ಬ್ಯುರೇಟರ್ ಎತ್ತರಕ್ಕೆ ತಕ್ಕಂತೆ ತಾನೇ ತಿದ್ದಿಕೊಳ್ಳುತ್ತಿತ್ತು, ಪೈಲಟ್ ಆರಿಸಬೇಕಿದ್ದುದು ಆಟೋ ರಿಚ್ ಅಥವಾ ಆಟೋ ಲೀನ್ ಎಂಬ ಎರಡರಲ್ಲಿ ಒಂದನ್ನು. ಆ ಎರಡೇ ಸ್ಥಾನಗಳಿಂದಲೂ ಒಬ್ಬ ನುರಿತವ ಇಷ್ಟು ಹೊರತೆಗೆಯಬಲ್ಲ.

ಅದೇ ಕಾಲದ ಪಿ-51 ಮಸ್ಟ್ಯಾಂಗ್ ಅನ್ನು 'ಡಿಸಿಎಸ್' ಸಿಮ್ಯುಲೇಟರ್‌ನಲ್ಲಿ ಚಾಲೂ ಮಾಡುವುದು ನನಗೆ ಹಾರಾಟದಷ್ಟೇ ಇಷ್ಟ. ಮಿಕ್ಸ್ಚರ್ ಲಿವರ್ ಇಂಧನ ಕಡಿತದ ಸ್ಥಾನದಲ್ಲಿರುತ್ತದೆ. ಪ್ರೈಮರ್‌ನಿಂದ ಸ್ವಲ್ಪ ಪೆಟ್ರೋಲು ಚಿಮ್ಮಿಸಿ ಸ್ಟಾರ್ಟರ್ ಒತ್ತಿದರೆ ನಾಲ್ಕು ಅಲಗಿನ ಪ್ರೊಪೆಲ್ಲರ್ ಒಂದೊಂದೇ ಅಲಗು ದಾಟುತ್ತ ತಿರುಗುತ್ತದೆ. ಒಂದೆರಡು ಸಿಲಿಂಡರುಗಳು ಢಬ್ಬೆಂದು ಹತ್ತಿಕೊಂಡ ಕೂಡಲೆ ಲಿವರನ್ನು 'ರನ್' ಸ್ಥಾನಕ್ಕೆ ತರಬೇಕು. ಬೇಗ ತಂದರೆ ಎಂಜಿನ್ನಿಗೆ ಪೆಟ್ರೋಲು ಉಕ್ಕುತ್ತದೆ, ತಡವಾದರೆ ಹತ್ತಿದ ಉರಿ ಆರುತ್ತದೆ. ನಿಲ್ಲಿಸುವುದೂ ಅದೇ ಲಿವರಿನಿಂದ. ಕಿಡಿಯ ಸ್ವಿಚ್ಚನ್ನು ಮೊದಲು ಮುಟ್ಟುವುದಿಲ್ಲ. ಪೆಟ್ರೋಲು ಕಡಿದು, ಸಿಲಿಂಡರಿನಲ್ಲಿ ಉಳಿದದ್ದೂ ಸುಟ್ಟು ಬರಿದಾಗಲು ಬಿಟ್ಟು, ಪ್ರೊಪೆಲ್ಲರ್ ನಿಂತ ಮೇಲೆ ಸ್ವಿಚ್ಚು ಆರಿಸುತ್ತಾರೆ.

ನಿಮ್ಮ ಬಳಿ ಇಂಥದೊಂದು ಸಿಮ್ಯುಲೇಟರ್ ಇದ್ದರೆ, ಎಂಜಿನ್ನನ್ನು ತಾನೇ ನೋಡಿಕೊಳ್ಳುವ ಸಹಾಯದ ಆಯ್ಕೆಯನ್ನು ಒಂದು ಸಂಜೆ ಆರಿಸಿಡಿ. ಶತ್ರುಗಳಿಲ್ಲದ ಆಕಾಶವೊಂದನ್ನು ಆರಿಸಿಕೊಂಡು ಯಾಕ್-1ನ್ನು ನಾಲ್ಕು ಸಾವಿರ ಮೀಟರಿಗೆ ಒಯ್ಯಿರಿ, ಮಟ್ಟವಾಗಿ ನಿಲ್ಲಿಸಿ, ಲಿವರನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ ಪ್ರತಿ ಸಲವೂ ವೇಗದ ಮುಳ್ಳು ನೆಲೆಗೊಳ್ಳುವವರೆಗೆ ಕಾಯಿರಿ. ಸಾಧ್ಯವಿದ್ದರೆ ಮಿಕ್ಸ್ಚರನ್ನು ಕೀಬೋರ್ಡಿಗಲ್ಲ, ಜಾಯ್‌ಸ್ಟಿಕ್ಕಿನ ಜಾರುವ ಗುಬ್ಬಿಯೊಂದಕ್ಕೆ ಜೋಡಿಸಿಕೊಳ್ಳಿ. ಇಳಿಯುವ ಮುನ್ನ ಅದನ್ನು ಪೂರ್ತಿ ಮುಂದಕ್ಕೆ ದೂಡಲು ಮರೆಯಬೇಡಿ.